ನೀರು ಕುಡಿಯುವ ಮೊಟ್ಟೆ

ಊಟ ಉಳಿದರೆ ಹಾಕಿ ಫ್ರಿಜ್ಜಿನಲ್ಲಿಡುತ್ತೇವಲ್ಲ, ಅಂಥದ್ದೇ ಒಂದು ಪ್ಲಾಸ್ಟಿಕ್ ಡಬ್ಬಿ. ತಳದಲ್ಲಿ ಎರಡು ಬೆರಳು ದಪ್ಪಕ್ಕೆ ಒದ್ದೆ ಪುಡಿ. ಅದರ ಮೇಲೆ, ಒಂದಕ್ಕೊಂದು ಅಂಟಿಕೊಂಡು ಬಿಡಿಸಲಾಗದಂತೆ ಮುದ್ದೆಯಾದ ಆರು ಬಿಳಿ ಮೊಟ್ಟೆ. ಡಬ್ಬಿ ಇರುವುದು 31 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿಟ್ಟ ಬೀರುವಿನೊಳಗೆ. ಅಮೆರಿಕದ ಫ್ಲಾರಿಡಾದಲ್ಲೋ ಜರ್ಮನಿಯ ಯಾವುದೋ ಊರಿನಲ್ಲೋ ಹಾವು ಸಾಕುವವರ ಮನೆಯಲ್ಲಿ ಕಾಣುವ ನೋಟ ಇದು. ಮನೆಯಾತ ರಾತ್ರಿ ಮಲಗುವ ಮುನ್ನ ಬೀರು ತೆರೆದು, ಮುಚ್ಚಳದ ಮೇಲಿಂದಲೇ ಟಾರ್ಚ್ ಹಾಯಿಸಿ ನೋಡುತ್ತಾನೆ.

ಇಪ್ಪತ್ತನೇ ದಿನ ಒಂದು ಮೊಟ್ಟೆಯ ಮೇಲೆ ಹೆಬ್ಬೆರಳಿನಿಂದ ಒತ್ತಿದಂತೆ ಗುಳಿ ಬಿದ್ದಿರುತ್ತದೆ. ಗಾಬರಿಯಾಗಿ ನೀರು ಚಿಮುಕಿಸುತ್ತಾನೆ. ಮೂವತ್ತನೇ ದಿನಕ್ಕೆ ಅದೇ ಮೊಟ್ಟೆಯ ಮೇಲೆ ಹಸಿರು ಬೂಷ್ಟು. ನಲವತ್ತೈದಕ್ಕೆ ಪಕ್ಕದ್ದೂ ಕಪ್ಪಾಗುತ್ತದೆ. ಬೀರುವಿನ ಥರ್ಮಾಮೀಟರು ಮಾತ್ರ ಮೊದಲ ದಿನದಿಂದ ಕೊನೆಯವರೆಗೂ 31ರಿಂದ ಕದಲಿರುವುದಿಲ್ಲ.

ಕಾವು ಸರಿಯಾಗಿದ್ದೂ ಮೊಟ್ಟೆ ಕೆಡುವುದು ಹಾವು ಸಾಕುವವರಿಗೆ ಹೊಸದಲ್ಲ. ಅಲ್ಲಿ ತಪ್ಪಿರುವುದು ತೇವ. ಮೊದಲು ಕಡಿಮೆಯಾಗಿತ್ತು, ಆಮೇಲೆ ಜಾಸ್ತಿಯಾಯಿತು.

ಕೋಳಿಯಿಂದ ಕಲಿತ ಮಾತು

ಮೊಟ್ಟೆಯಿಂದ ಮರಿ ಮಾಡಿಸುವುದಕ್ಕೆ ಕನ್ನಡದಲ್ಲಿ ನಾವು ಹೇಳುವುದು ಕಾವು ಕೊಡುವುದು ಎಂದು. ಕೋಳಿ ಕಾವಿಗೆ ಕೂರುತ್ತದೆ, ಅಜ್ಜಿ ಬುಟ್ಟಿಯಲ್ಲಿ ಹುಲ್ಲು ಹಾಸಿ ಹನ್ನೆರಡು ಮೊಟ್ಟೆ ಇಟ್ಟು ಕಾವಿಗೆ ಕೂರಿಸುತ್ತಾಳೆ. ಪದದಲ್ಲೇ ಬಿಸಿ ಇದೆ, ನೀರಿನ ಸುಳಿವಿಲ್ಲ. ಕೋಳಿಯ ಮಟ್ಟಿಗೆ ಇದು ಸರಿಯೇ. ಮರಿಗೆ 21 ದಿನಕ್ಕೆ ಬೇಕಾದ ನೀರನ್ನೆಲ್ಲ ತಾಯಿಯೇ ಬಿಳಿ ಲೋಳೆಯ ರೂಪದಲ್ಲಿ ತುಂಬಿ, ಸುಣ್ಣದ ಗಟ್ಟಿ ಚಿಪ್ಪು ಕಟ್ಟಿ ಕಳಿಸಿರುತ್ತದೆ. ಕೋಳಿಮೊಟ್ಟೆ ಆ ನೀರಿನಲ್ಲಿ ಒಂದಿಷ್ಟನ್ನು ಹೊರಗೆ ಬಿಡಲೂಬೇಕು. ತೂಕದಲ್ಲಿ ಶೇ 12ರ ಆಸುಪಾಸು ಇಳಿದರೇನೇ ಒಳಗೆ ಗಾಳಿಯ ಕೋಣೆ ಹಿಗ್ಗಿ, ಮರಿ ಮೊದಲ ಉಸಿರು ತೆಗೆದುಕೊಳ್ಳಲು ಜಾಗವಾಗುವುದು.

ಹಾವಿನ ಮೊಟ್ಟೆ ಇದಕ್ಕೆ ಪೂರ್ತಿ ಉಲ್ಟಾ. ಒಡೆದು ನೋಡಿದರೆ ಬಿಳಿ ಲೋಳೆ ಇಲ್ಲವೆನ್ನುವಷ್ಟು ಕಡಿಮೆ, ಎಲ್ಲವೂ ಗಟ್ಟಿ ಹಳದಿ. ತಾಯಿ ಬುತ್ತಿ ಕಟ್ಟಿ ಕಳಿಸಿದೆ, ನೀರಿನ ಚೊಂಬು ಕೊಟ್ಟಿಲ್ಲ. ನೀರನ್ನು ಮೊಟ್ಟೆಯೇ ಹುಡುಕಿಕೊಳ್ಳಬೇಕು.

ಚಿಪ್ಪೂ ಅದಕ್ಕೆ ತಕ್ಕಂತೆಯೇ ಇದೆ. ಮುಟ್ಟಿದರೆ ನೆನೆಸಿದ ತೊಗಲಿನ ಹಾಗೆ. ಹೆಣೆದ ನಾರಿನ ಪದರ, ಅದರ ಮೇಲೆ ಸುಣ್ಣದ ತೆಳು ಲೇಪ. ಕೆಳಗಿನ ಮಣ್ಣಿನಿಂದ ನೀರು ಎಳೆದುಕೊಂಡು ಅದು ಹಿಗ್ಗುತ್ತದೆ. ಕಾರ್ನ್ ಸ್ನೇಕ್‌ನಂಥ ಹಾವುಗಳ ಮೊಟ್ಟೆ ಹದವಾದ ಹಸಿಯಲ್ಲಿದ್ದರೆ ಎರಡು ತಿಂಗಳಲ್ಲಿ ಮೊದಲ ತೂಕದ ಕಾಲುಭಾಗಕ್ಕಿಂತ ಹೆಚ್ಚು ನೀರು ಕುಡಿದು ಬಿರಿಯುವಂತೆ ತುಂಬಿಕೊಳ್ಳುತ್ತದೆ. ಇಟ್ಟ ದಿನ ಉದ್ದಕ್ಕಿದ್ದ ಮೊಟ್ಟೆ ಕೊನೆಕೊನೆಗೆ ನಿಂಬೆಹಣ್ಣಿನಂತೆ ದುಂಡಗಾಗಿರುತ್ತದೆ.

ಕೋಳಿಯಿಂದ ಕಲಿತ ಇನ್ನೊಂದು ಅಭ್ಯಾಸವೂ ಇಲ್ಲಿ ಕೆಲಸಕ್ಕೆ ಬಾರದು. ಕೋಳಿ ದಿನಕ್ಕೆ ಹಲವು ಬಾರಿ ಕೊಕ್ಕಿನಿಂದ ಮೊಟ್ಟೆ ಹೊರಳಿಸುತ್ತದೆ. ಹಾವಿನ ಮೊಟ್ಟೆಯಲ್ಲಾದರೆ, ಇಟ್ಟ ಒಂದೆರಡು ದಿನದಲ್ಲೇ ಭ್ರೂಣ ಮೇಲ್ಭಾಗದ ಚಿಪ್ಪಿಗೆ ಅಂಟಿಕೊಂಡು ಬೆಳೆಯತೊಡಗುತ್ತದೆ. ಆಮೇಲೆ ತಲೆಕೆಳಗು ಮಾಡಿದರೆ ಅದರ ಮೇಲೆ ಅದರದೇ ಹಳದಿಯ ಭಾರ ಬಿದ್ದು ಸಾಯಬಹುದು. ಅದಕ್ಕೇ ಸಾಕುವವರು ಮೊಟ್ಟೆ ಎತ್ತುವ ಮುಂಚೆ ಮೇಲ್ಮೈಗೆ ಪೆನ್ಸಿಲ್ಲಿನಿಂದ ಸಣ್ಣ ಗುರುತು ಹಾಕಿಕೊಳ್ಳುತ್ತಾರೆ.

ಮೀಟರ್ ತೋರಿಸುವ ತೊಂಬತ್ತು

ಹೊಸದಾಗಿ ಈ ಕೆಲಸಕ್ಕೆ ಇಳಿದವರು ಮೊದಲು ಕೊಳ್ಳುವುದು ತೇವಾಂಶ ಅಳೆಯುವ ಪುಟ್ಟ ಡಿಜಿಟಲ್ ಮೀಟರು. ಡಬ್ಬಿಯೊಳಗೆ ಅದು ಶೇ 90 ತೋರಿಸಿದರೆ ನೆಮ್ಮದಿ. ಮಳೆಗಾಲದ ಮಂಗಳೂರಿನಲ್ಲಿ ಶೇ 90 ಎಂದರೆ ಬಟ್ಟೆ ಒಣಗದ, ಉಪ್ಪು ನೀರಾಗುವ ಹವೆ. ಮೊಟ್ಟೆಗೆ ಇನ್ನೇನು ಬೇಕು ಎಂದು ಅನ್ನಿಸುವುದು ಸಹಜ.

ಮೊಟ್ಟೆಯ ಲೆಕ್ಕ ಬೇರೆ. ಒಳಗಿರುವ ದ್ರವ ಮುಕ್ಕಾಲುಪಾಲು ನೀರೇ ಅಂದುಕೊಂಡರೂ, ಆ ನೀರು ಗಾಳಿಗೆ ಹೋಗದೆ ಗಾಳಿಯಿಂದ ಬಾರದೆ ಸಮವಾಗಿ ನಿಲ್ಲಬೇಕಾದರೆ ಸುತ್ತಲ ಗಾಳಿಯ ತೇವಾಂಶ ಶೇ 99ಕ್ಕೂ ಮೇಲಿರಬೇಕು. ಶೇ 90ರ ಗಾಳಿ ನಮ್ಮ ಚರ್ಮಕ್ಕೆ ಜಿಗುಟು, ಮೊಟ್ಟೆಯ ಚಿಪ್ಪಿಗೆ ಒಣಹವೆ. ಅದು ದಿನದಿನವೂ ಚೂರುಚೂರೇ ನೀರು ಹೀರುತ್ತದೆ. ಶೇ 99 ಮತ್ತು ಶೇ 99.9ರ ನಡುವಿನ ಅಂತರವೂ ಮೊಟ್ಟೆಗೆ ಗೊತ್ತಾಗುತ್ತದೆ. ಅಗ್ಗದ ಮೀಟರಿಗೆ ಗೊತ್ತಾಗುವುದಿಲ್ಲ. ಅದರ ಓದಿನಲ್ಲೇ ಮೂರರಿಂದ ಐದರಷ್ಟು ಹೆಚ್ಚುಕಡಿಮೆ ಇರುತ್ತದೆ, ನೂರರ ಹತ್ತಿರ ಹೋದಂತೆ ನಂಬಿಕೆ ಇನ್ನೂ ಕಡಿಮೆ.

ಬಿಸಿಯ ಮೂಲ ಎಲ್ಲಿದೆ ಎಂಬುದೂ ಇಲ್ಲಿ ಸೇರಿಕೊಳ್ಳುತ್ತದೆ. ಸುತ್ತಲ ಗಾಳಿ ಪೂರ್ತಿ ತುಂಬಿದ್ದರೂ ಮೊಟ್ಟೆ ಅದಕ್ಕಿಂತ ಒಂದೇ ಒಂದು ಡಿಗ್ರಿ ಬಿಸಿಯಿದ್ದರೆ, ಮೊಟ್ಟೆಯ ಮೈಯ ಲೆಕ್ಕಕ್ಕೆ ಆ ಗಾಳಿ ಸುಮಾರು ಶೇ 94ರದ್ದಾಗಿಬಿಡುತ್ತದೆ. ಡಬ್ಬಿಯ ಅಡಿಗೆ ಬಿಸಿ ಹಾಸು ಇಟ್ಟವರಿಗೆ ಆಗುವ ಕಷ್ಟ ಇದೇ. ತಳ ಕಾಯುತ್ತದೆ, ನೀರು ಆವಿಯಾಗಿ ಮೇಲೇರುತ್ತದೆ, ತಣ್ಣಗಿರುವ ಮುಚ್ಚಳಕ್ಕೆ ತಾಗಿ ಹನಿಗಟ್ಟುತ್ತದೆ. ಮುಚ್ಚಳದ ತುಂಬ ಹನಿ ನೋಡಿ ಒಳಗೆ ನೀರು ಬೇಕಾದಷ್ಟಿದೆ ಎಂದುಕೊಳ್ಳುತ್ತೇವೆ. ಮೊಟ್ಟೆಯ ಹೊಟ್ಟೆ ಕೆಳಗೆ ಒಣಗುತ್ತಿರುತ್ತದೆ, ನೆತ್ತಿಯ ಮೇಲೆ ಹನಿ ತೊಟ್ಟಿಕ್ಕುತ್ತಿರುತ್ತದೆ. ಕಾವು ನಾಲ್ಕೂ ಕಡೆಯಿಂದ ಸಮನಾಗಿ ಬರಬೇಕು ಎಂದು ಹಳಬರು ಪಟ್ಟು ಹಿಡಿಯುವುದು ಇದಕ್ಕೆ.

ಮುಷ್ಟಿಯಲ್ಲಿ ಸಿಗುವ ಉತ್ತರ

ಹಾಗಾದರೆ ನಂಬುವುದು ಯಾವುದನ್ನು? ಗಾಳಿಯನ್ನು ಬಿಟ್ಟು ಕೆಳಗಿನ ಹಾಸನ್ನು.

ಸಾಕುವವರು ಹಾಸಿಗೆ ಹೆಚ್ಚಾಗಿ ಬಳಸುವುದು ವರ್ಮಿಕ್ಯುಲೈಟ್. ಅಭ್ರಕದ ಬಳಗದ ಖನಿಜ. ಜೋರಾಗಿ ಕಾಯಿಸಿದರೆ ಪದರ ಪದರವಾಗಿ ಅರಳಿ ಅರಳಿನಂತೆ ಹಗುರಾಗುತ್ತದೆ, ಆ ಪದರಗಳ ನಡುವೆ ನೀರು ಹಿಡಿದಿಟ್ಟುಕೊಂಡು ನಿಧಾನಕ್ಕೆ ಬಿಡುತ್ತದೆ. ಬೆಂಗಳೂರಿನ ನರ್ಸರಿಗಳಲ್ಲಿ ಸಸಿ ಎಬ್ಬಿಸಲು ಮಾರುವುದೂ ಇದನ್ನೇ. ಇದಕ್ಕೆ ನೀರು ಬೆರೆಸುವ ಲೆಕ್ಕ ತೂಕದ್ದು, ಅಳತೆ ಲೋಟದ್ದಲ್ಲ. 100 ಗ್ರಾಂ ಪುಡಿಗೆ 100 ಗ್ರಾಂ ನೀರು ಎಂಬುದು ರೂಢಿ. ತೂಕದ ಲೆಕ್ಕವೇ ಏಕೆಂದರೆ ಪುಡಿಯ ಕಾಳು ದಪ್ಪವೋ ಸಣ್ಣವೋ ಎನ್ನುವುದರ ಮೇಲೆ ಒಂದು ಲೋಟದಲ್ಲಿ ಹಿಡಿಯುವುದು ಬದಲಾಗುತ್ತದೆ.

ತಕ್ಕಡಿ ಇಲ್ಲದವರು ಕೈಯನ್ನೇ ನಂಬುತ್ತಾರೆ. ಒಂದು ಹಿಡಿ ತೆಗೆದುಕೊಂಡು ಮುಷ್ಟಿ ಬಿಗಿಯುವುದು. ಬೆರಳ ಸಂದಿಯಿಂದ ನೀರು ಹನಿದರೆ ಜಾಸ್ತಿಯಾಯಿತು. ಮುಷ್ಟಿ ಬಿಚ್ಚಿದ ಕೂಡಲೇ ಉದುರಿಹೋದರೆ ಸಾಲದು. ಉಂಡೆ ಕಟ್ಟಬೇಕು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದರೆ ಒಡೆಯಬೇಕು. ಈ ಪರೀಕ್ಷೆಯನ್ನು ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಮುಂಗಾರಿನ ಮೊದಲ ಮಳೆ ಬಿದ್ದ ಮಾರನೆ ದಿನ ಹೊಲಕ್ಕೆ ಹೋಗಿ ಮಣ್ಣು ಹಿಡಿದು ನೋಡುವ ರೈತರು. ಬಿತ್ತನೆಗೆ ಭೂಮಿ ಹದಕ್ಕೆ ಬಂದಿದೆಯೇ ಎಂದು ಅವರು ನೋಡುವುದೂ ಹೀಗೆಯೇ. ಬೀಜಕ್ಕೆ ಬೇಕಾದದ್ದೂ ಇದೇ ಸ್ಥಿತಿ. ನೀರೂ ಇರಬೇಕು, ಕಣಕಣಗಳ ನಡುವೆ ಗಾಳಿಯೂ ಆಡಬೇಕು. ಹಾವಿನ ಮೊಟ್ಟೆಯನ್ನು ಅರ್ಥ ಮಾಡಿಕೊಳ್ಳಲು ಕೋಳಿಮೊಟ್ಟೆಗಿಂತ ಬಿತ್ತಿದ ಬೀಜವೇ ಹತ್ತಿರದ ಹೋಲಿಕೆ ಎಂದು ನನಗೆ ಅನ್ನಿಸುತ್ತದೆ.

ವಿಜ್ಞಾನಿಗಳು ಈ ಮುಷ್ಟಿಯ ಹದವನ್ನು ಅಂಕಿಗೆ ಇಳಿಸಿದ್ದಾರೆ. ಅಮೆರಿಕದ ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗ್ಯಾರಿ ಪ್ಯಾಕರ್ಡ್ ಮತ್ತು ಮೇರಿ ಪ್ಯಾಕರ್ಡ್ 1980ರ ದಶಕದಲ್ಲಿ ಆಮೆ, ಹಾವುಗಳ ಮೊಟ್ಟೆಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ನೆನೆಸಿದ ವರ್ಮಿಕ್ಯುಲೈಟ್‌ನಲ್ಲಿಟ್ಟು, ಮತ್ತೆ ಮತ್ತೆ ತೂಗಿ ನೋಡಿದರು. ಬುಲ್‌ಸ್ನೇಕ್ ಎಂಬ ಅಲ್ಲಿನ ಹಾವಿನ ಮೇಲಿನ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಹಸಿಯಾದ ಹಾಸಿನ ಮೇಲಿದ್ದ ಮೊಟ್ಟೆಗಳಿಂದ ಬಂದ ಮರಿಗಳು ದೊಡ್ಡವಾಗಿದ್ದವು. ಒಣ ಹಾಸಿನವು ಚಿಕ್ಕವು. ಎರಡಕ್ಕೂ ತಾಯಿ ಕಟ್ಟಿಕೊಟ್ಟ ಬುತ್ತಿ ಒಂದೇ. ನೀರು ಸಾಲದಿದ್ದರೆ ಭ್ರೂಣಕ್ಕೆ ಹಳದಿಯನ್ನು ಪೂರ್ತಿ ಮೈಗೆ ಹತ್ತಿಸಿಕೊಳ್ಳಲಾಗುವುದಿಲ್ಲ. ಅಂದರೆ ತೇವದಲ್ಲಿ ಆಗುವ ತಪ್ಪು ಮರಿಯನ್ನು ಕೊಲ್ಲಲೇಬೇಕೆಂದಿಲ್ಲ, ಅದು ಮರಿಯ ಮೈಯಲ್ಲಿ ಉಳಿದುಕೊಳ್ಳಬಹುದು.

ಚಿಪ್ಪಿನೊಳಗೆ ಉಸಿರು ಕಟ್ಟಿ

ಇಷ್ಟು ಓದಿದವರು ನೀರು ಧಾರಾಳವಾಗಿಯೇ ಹಾಕಿಬಿಡೋಣ ಎಂದುಕೊಳ್ಳಬಹುದು. ಅನುಭವಿಗಳು ಹೆಚ್ಚು ಹೆದರುವುದು ಅದಕ್ಕೇ. ಒಣಗಿ ಗುಳಿ ಬಿದ್ದ ಮೊಟ್ಟೆಯನ್ನು ಬೇಗ ಕಂಡುಕೊಂಡು ಹಾಸಿಗೆ ಅಂಚಿನಿಂದ ಒಂದಿಷ್ಟು ಉಗುರುಬೆಚ್ಚಗಿನ ನೀರು ಸೇರಿಸಿದರೆ ಮತ್ತೆ ತುಂಬಿಕೊಳ್ಳುವುದುಂಟು. ನೀರಿನಲ್ಲಿ ಉಸಿರುಗಟ್ಟಿದ ಮರಿಯನ್ನು ಮಾತ್ರ ವಾಪಸು ತರಲಾಗದು.

ಚಿಪ್ಪಿನ ಮೂಲಕ ನೀರು ಒಳಗೆ ಬರುವ ದಾರಿಯಲ್ಲೇ ಆಮ್ಲಜನಕವೂ ಬರಬೇಕು. ಆ ಸೂಕ್ಷ್ಮ ರಂಧ್ರಗಳಲ್ಲಿ ಗಾಳಿ ಇದ್ದರೆ ಆಮ್ಲಜನಕ ಸಲೀಸಾಗಿ ಹಾಯುತ್ತದೆ. ಅಲ್ಲಿ ನೀರು ತುಂಬಿದರೆ ಅದೇ ಆಮ್ಲಜನಕ ಹಾಯುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಇಳಿಯುತ್ತದೆ. ಮೊದಲ ವಾರಗಳಲ್ಲಿ ಭ್ರೂಣ ಸಣ್ಣದು, ಬೇಕಾದ ಉಸಿರೂ ಸಣ್ಣದು, ಹಾಗಾಗಿ ತಪ್ಪು ಕಾಣುವುದಿಲ್ಲ. ಕೊನೆಯ ಎರಡು ವಾರ ಮರಿ ದಿನದಿನಕ್ಕೆ ಬೆಳೆದು ಆಮ್ಲಜನಕದ ಅಗತ್ಯ ಏರುತ್ತದೆ. ಐವತ್ತು ದಿನ ತುಂಬು ಆರೋಗ್ಯದಲ್ಲಿದ್ದ ಮೊಟ್ಟೆಗಳೆಲ್ಲ ಕೊನೆಗೆ ಒಡೆಯದೇ ಹೋಗಿ, ಕತ್ತರಿಸಿ ನೋಡಿದರೆ ಪೂರ್ತಿ ಬೆಳೆದ, ಬಣ್ಣ ಪಟ್ಟೆಗಳೆಲ್ಲ ಮೂಡಿದ ಮರಿಗಳು ಸತ್ತು ಸುರುಳಿಯಾಗಿ ಮಲಗಿರುವುದನ್ನು ಕಂಡವರಿದ್ದಾರೆ. ಹಾಸು ಅತಿಯಾಗಿ ನೆನೆದಿದ್ದಾಗ ಇಂಥ ಸಾವಿನ ಹಿಂದೆ ಇರಬಹುದಾದದ್ದು ಈ ಉಸಿರುಕಟ್ಟು.

ಬೂಷ್ಟಿನ ಬಗ್ಗೆ ಇರುವ ಭಯ ಮಾತ್ರ ಸ್ವಲ್ಪ ಜಾಸ್ತಿಯೇ. ಅದು ಮೊದಲು ಹಿಡಿಯುವುದು ಸತ್ತ ಇಲ್ಲವೇ ಫಲವಾಗದ ಮೊಟ್ಟೆಯನ್ನು. ಅನುಮಾನವಿದ್ದರೆ ಕತ್ತಲಲ್ಲಿ ಮೊಟ್ಟೆಗೆ ಟಾರ್ಚ್ ತಾಗಿಸಿ ನೋಡಬೇಕು. ಬದುಕಿರುವ ಮೊಟ್ಟೆಯ ಒಳಗೆ ಕೆಂಪು ನರಗಳ ಬಲೆ ಎಲೆಯ ಗೆರೆಗಳಂತೆ ಹರಡಿರುವುದು ಕಾಣುತ್ತದೆ. ಸತ್ತದ್ದು ಮಂಕಾಗಿ, ಹಳದಿಯಾಗಿ ಕಾಣುತ್ತದೆ. ಅಂಟಿಕೊಂಡದ್ದನ್ನು ಕಿತ್ತು ತೆಗೆಯಲು ಹೋಗಿ ಪಕ್ಕದ ಜೀವಂತ ಮೊಟ್ಟೆಯ ಚಿಪ್ಪು ಹರಿಯುವುದೇ ಬೂಷ್ಟಿಗಿಂತ ದೊಡ್ಡ ಅಪಾಯ.

ಸುತ್ತಿ ಕೂತ ತಾಯಿ

ಹೆಬ್ಬಾವಿನ ಬಳಗದ ಕತೆ ಸ್ವಲ್ಪ ಬೇರೆ. ಸಾಕುವವರ ಬೀರುಗಳಲ್ಲಿ ಇಂದು ಹೆಚ್ಚು ಕಾಣುವ ಬಾಲ್ ಪೈಥಾನ್ ಪಶ್ಚಿಮ ಆಫ್ರಿಕದ ಹಾವು. ಘಾನಾ, ಟೋಗೋ, ಬೆನಿನ್ ದೇಶಗಳಲ್ಲಿ ಇಲಿಬಿಲ, ಹುತ್ತಗಳಲ್ಲಿ ಇರುತ್ತದೆ. ಮೊಟ್ಟೆ ಇಡುವುದು ಅಲ್ಲಿನ ಒಣಗಾಲದಲ್ಲಿ. ಒಂದು ಸಲಕ್ಕೆ ಆರರ ಆಸುಪಾಸು. ಇಟ್ಟ ಮೇಲೆ ತಾಯಿ ಅವುಗಳ ಸುತ್ತ ಸುರುಳಿ ಸುತ್ತಿ, ಎರಡು ತಿಂಗಳ ಹತ್ತಿರ ಹೆಚ್ಚುಕಡಿಮೆ ಉಪವಾಸವೇ ಕೂರುತ್ತದೆ.

ಬಹಳ ಕಾಲ ಇದನ್ನು ಕಾವೆಂದೇ ತಿಳಿಯಲಾಗಿತ್ತು. ಅದಕ್ಕೆ ನಮ್ಮ ಭಾರತದ ಹೆಬ್ಬಾವಿನ ಉದಾಹರಣೆಯೂ ಕಾರಣ. ಭಾರತದಲ್ಲಿ ಹೆಬ್ಬಾವು ತನ್ನ ಮೊಟ್ಟೆಗೆ ಕಾವು ಕೊಡುತ್ತದೆ ಎಂದು ಫ್ರೆಂಚ್ ಪ್ರವಾಸಿ ಲಾಮಾರ್‌ಪಿಕೊ ಪ್ಯಾರಿಸ್ಸಿನಲ್ಲಿ ಹೇಳಿದಾಗ ಅಲ್ಲಿನ ಪಂಡಿತರು ಒಪ್ಪಲಿಲ್ಲ. ಶೀತರಕ್ತದ ಪ್ರಾಣಿಗೆ ಕಾವೆಲ್ಲಿಂದ ಎಂಬುದು ಅವರ ವಾದ. 1841ರಲ್ಲಿ ಪ್ಯಾರಿಸ್ಸಿನ ಸಸ್ಯೋದ್ಯಾನದ ಪ್ರಾಣಿಸಂಗ್ರಹದಲ್ಲಿ ಮೊಟ್ಟೆ ಸುತ್ತಿ ಕೂತಿದ್ದ ಹೆಬ್ಬಾವಿನ ಬಿಸಿಯನ್ನು ಪ್ರಾಣಿಶಾಸ್ತ್ರಜ್ಞ ವಾಲೆನ್ಸಿಯೆನ್ ಅಳೆದು ಪ್ರವಾಸಿಯ ಮಾತು ನಿಜವೆಂದು ತೋರಿಸಿದರು. ತಾಯಿ ಮಾಂಸಖಂಡಗಳನ್ನು ಮತ್ತೆ ಮತ್ತೆ ಅದುರಿಸಿ ಬಿಸಿ ಹುಟ್ಟಿಸುತ್ತದೆ ಎಂಬುದು 1966ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಹೆಬ್ಬಾವಿನ ಮೇಲೆ ನಡೆದ ಅಧ್ಯಯನದಿಂದ ಗಟ್ಟಿಯಾಯಿತು.

ಬಾಲ್ ಪೈಥಾನ್ ಹೀಗೆ ಅದುರುವುದಿಲ್ಲ. ಹಾಗಿದ್ದೂ ಏಕೆ ಅಷ್ಟು ಬಿಗಿಯಾಗಿ ಸುತ್ತಿ ಕೂರುತ್ತದೆ? ಫ್ಯಾಬಿಯನ್ ಒಬ್ರೆ ಮತ್ತು ಸಂಗಡಿಗರು ಟೋಗೋದಲ್ಲಿ ಕೆಲವು ಮೊಟ್ಟೆಗಳನ್ನು ತಾಯಿಯ ಹತ್ತಿರ ಬಿಟ್ಟು, ಕೆಲವನ್ನು ಬೇರೆ ಮಾಡಿ ನೋಡಿದರು. 2005ರಲ್ಲಿ ಹೊರಬಂದ ಅವರ ಉತ್ತರ: ನೀರಿಗಾಗಿ. ತಾಯಿಯ ಮೈ ಮೊಟ್ಟೆಗಳಿಗೆ ಹೊದಿಕೆ, ಅದಿಲ್ಲದವು ಹೆಚ್ಚು ನೀರು ಕಳೆದುಕೊಂಡವು. ತಾಯಿಯ ಸುರುಳಿಯಲ್ಲಿದ್ದವುಗಳ ಮರಿಗಳು ದಪ್ಪವಾಗಿ, ಚುರುಕಾಗಿ ಬಂದವು.

ಇದಕ್ಕಿಂತ ಸೂಕ್ಷ್ಮವಾದದ್ದನ್ನು ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಡೇಲ್ ಡಿನಾರ್ಡೊ ಅವರ ತಂಡ ಆಸ್ಟ್ರೇಲಿಯದ ಒಂದು ಪುಟ್ಟ ಹೆಬ್ಬಾವಿನಲ್ಲಿ ಕಂಡಿತು. ತಾಯಿ ಬಿಗಿಯಾಗಿ ಸುತ್ತಿದಷ್ಟೂ ನೀರು ಉಳಿಯುತ್ತದೆ, ಆದರೆ ಒಳಗೆ ಆಮ್ಲಜನಕ ಇಳಿಯುತ್ತದೆ. ಅದಕ್ಕೇ ಅದು ಆಗಾಗ ಸುರುಳಿ ಸಡಿಲಿಸಿ, ಹೊಸ ಗಾಳಿ ಒಳಗೆ ಬಿಟ್ಟು, ಮತ್ತೆ ಬಿಗಿಯುತ್ತದೆ. ವಾರಕ್ಕೊಮ್ಮೆ ಡಬ್ಬಿಯ ಮುಚ್ಚಳ ತೆರೆದು ಒಂದು ನಿಮಿಷ ಗಾಳಿಯಾಡಿಸುವವರು ತಮಗೆ ತಿಳಿಯದೆಯೇ ಆ ತಾಯಿಯ ಕೆಲಸ ಮಾಡುತ್ತಿದ್ದಾರೆ.

ಬಾಲ್ ಪೈಥಾನ್ ಮೊಟ್ಟೆ ಕಾರ್ನ್ ಸ್ನೇಕ್‌ನದರಷ್ಟು ನೀರು ಕುಡಿಯುವುದೂ ಇಲ್ಲ. ಇರುವುದನ್ನು ಕಳೆದುಕೊಳ್ಳದಿದ್ದರೆ ಅದಕ್ಕೆ ಸಾಕು. ಆದ್ದರಿಂದ ಹಲವರು ಈಗ ಒದ್ದೆ ಹಾಸಿನ ಮೇಲೆ ಪ್ಲಾಸ್ಟಿಕ್ ಜಾಲರಿ ಇಟ್ಟು, ಅದರ ಮೇಲೆ ಮೊಟ್ಟೆ ಇಡುತ್ತಾರೆ. ಕೆಳಗೆ ನೀರು, ಸುತ್ತ ತುಂಬಿದ ಆವಿ, ಚಿಪ್ಪಿಗೆ ಮಾತ್ರ ನೀರು ತಾಗದು.

ಆಗುಂಬೆಯ ಎಲೆಗುಡ್ಡೆ

ಡಬ್ಬಿ, ಜಾಲರಿ, ತಕ್ಕಡಿ ಯಾವುದೂ ಇಲ್ಲದೆ ಈ ಹದವನ್ನು ಸಾಧಿಸಿದ ಹಾವು ನಮ್ಮ ಮಲೆನಾಡಿನಲ್ಲೇ ಇದೆ. ಕಾಳಿಂಗ ಸರ್ಪ. ಪಶ್ಚಿಮ ಘಟ್ಟದ ಕಾಳಿಂಗ ಬೇರೆಯೇ ಒಂದು ಪ್ರಭೇದವೆಂದು ಪಿ. ಗೌರಿಶಂಕರ್ ಮತ್ತು ಸಂಗಡಿಗರು 2024ರಲ್ಲಿ ತೋರಿಸಿಕೊಟ್ಟಾಗ ಅದಕ್ಕೆ ಒಫಿಯೊಫೇಗಸ್ ಕಾಳಿಂಗ ಎಂದೇ ಹೆಸರಿಟ್ಟರು. ಕನ್ನಡಿಗರ ಬಾಯಲ್ಲಿದ್ದ ಹೆಸರು ಹಾಗೆ ವಿಜ್ಞಾನದ ಪುಸ್ತಕ ಸೇರಿತು.

ಎಲೆ ಒಟ್ಟಿ ಗೂಡು ಕಟ್ಟುವ ಹಾವೆಂದು ಹೆಸರಾದದ್ದು ಇದೇ. ಮುಂಗಾರಿಗೆ ಮುಂಚೆ ಹೆಣ್ಣು ಬಿದಿರ ಮೆಳೆಯ ಬುಡದಲ್ಲೋ ಮರದ ಕೆಳಗೋ ಜಾಗ ಹುಡುಕಿ, ಕೈಕಾಲಿಲ್ಲದ ಆ ಉದ್ದ ಮೈಯನ್ನೇ ಕೊಕ್ಕೆಯಂತೆ ಬಾಗಿಸಿ ತರಗೆಲೆ ಎಳೆದು ತಂದು ಗುಡ್ಡೆ ಹಾಕುತ್ತದೆ. ನಡುವೆ ಇಪ್ಪತ್ತು, ಮೂವತ್ತು ಮೊಟ್ಟೆ. ಮೇಲೆ ಮತ್ತೆ ಎಲೆ. ಆಗುಂಬೆಯಲ್ಲಿ ವರ್ಷಕ್ಕೆ ಬೀಳುವ ಮಳೆ 7,000 ಮಿಲಿಮೀಟರಿಗೂ ಹೆಚ್ಚು, ಅದರ ಬಹುಪಾಲು ಸುರಿಯುವುದು ಮೊಟ್ಟೆಗಳು ಗೂಡಿನಲ್ಲಿರುವ ತಿಂಗಳುಗಳಲ್ಲೇ. ಆ ಮಳೆಯಲ್ಲಿ ಬಯಲಲ್ಲಿಟ್ಟ ಮೊಟ್ಟೆ ಉಳಿಯುವುದು ಕಷ್ಟ. ಒತ್ತಾಗಿ ಒಟ್ಟಿದ ಎಲೆ ನಮ್ಮ ಹುಲ್ಲು ಮಾಡಿನ ಹಾಗೆ ನೀರನ್ನು ಇಳಿಜಾರಿಗೆ ಜಾರಿಸಿ ಕಳಿಸುತ್ತದೆ. ಒಳಗೆ ಉಳಿಯುವುದು ಒದ್ದೆ ಎಲೆಯ ಉಸಿರು. ಮೊಟ್ಟೆಗಳ ಮೇಲೆ ಮಳೆಯ ಧಾರೆ ಬೀಳುವುದಿಲ್ಲ, ಅವು ಒಣಗುವುದೂ ಇಲ್ಲ. ತಾಯಿ ಗೂಡಿನ ಮೇಲೆ ವಾರಗಟ್ಟಲೆ ಕಾವಲು ಕೂತು, ಮರಿ ಬರುವ ಮುನ್ನ ಹೊರಟುಹೋಗುತ್ತದೆ.

ಈ ತಲೆನೋವೇ ಬೇಡವೆಂದು ಮೊಟ್ಟೆಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ನೇರ ಮರಿ ಹಾಕುವ ಹಾವುಗಳೂ ನಮ್ಮಲ್ಲಿವೆ. ಕೊಳಕುಮಂಡಲ ಅದರಲ್ಲೊಂದು.

ನಮ್ಮ ಮನೆಯ ಹಿತ್ತಲಿಗೆ ಬಂದಾಗ

ಕಾಳಿಂಗ, ನಾಗರ, ಕೇರೆ, ಹೆಬ್ಬಾವು ಮುಂತಾದ ನಮ್ಮ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶಿ ಹಾವು ಇಟ್ಟುಕೊಂಡವರೂ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ ತಿಳಿಸಬೇಕು. ಆದ್ದರಿಂದ ಈ ವಿದ್ಯೆ ನಮ್ಮಲ್ಲಿ ಹೆಚ್ಚಾಗಿ ಬೇಕಾಗುವುದು ಮೃಗಾಲಯದವರಿಗೆ, ಹಾವು ರಕ್ಷಿಸುವವರಿಗೆ. ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿ ಕಾಳಿಂಗದ ಮೊಟ್ಟೆಗಳಿಗೆ ಕೃತಕ ಕಾವು ಕೊಟ್ಟು ಮರಿ ಮಾಡಿಸಿದ್ದಾರೆ.

ಊರುಗಳಲ್ಲಿ ಬೇಸಿಗೆ ಮುಗಿಯುವ ಹೊತ್ತಿಗೆ ಹಾವು ರಕ್ಷಿಸುವವರಿಗೆ ಕರೆಗಳು ಶುರುವಾಗುತ್ತವೆ. ಹಳೆ ಹೆಂಚಿನ ರಾಶಿ ತೆಗೆಯುವಾಗ, ತಿಪ್ಪೆ ಕೆದಕುವಾಗ, ಪಾಯ ಅಗೆಯುವಾಗ ಮೊಟ್ಟೆ ಸಿಗುತ್ತವೆ. ಸಿಕ್ಕಲ್ಲೇ ಬಿಟ್ಟು ಮುಚ್ಚಿಬಿಡುವುದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆ ಜಾಗದ ಹದ ನೋಡಿಯೇ ತಾಯಿ ಅಲ್ಲಿ ಇಟ್ಟಿರುತ್ತದೆ. ಜೆಸಿಬಿ ಬಂದು ನಿಂತಿದ್ದು ಬಿಡಲು ಸಾಧ್ಯವೇ ಇಲ್ಲವೆಂದಾಗ ಅರಣ್ಯ ಇಲಾಖೆಗೆ ತಿಳಿಸಿ, ಮೇಲ್ಭಾಗಕ್ಕೆ ಗುರುತು ಹಾಕಿ, ಹೊರಳಿಸದೆ ಎತ್ತಿ, ತೇವ ಮಾಡಿದ ಕೋಕೋಪೀಟ್ ಹಾಕಿದ ಬಕೆಟ್ಟಿಗೆ ಇಳಿಸುತ್ತಾರೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೋಕೋಪೀಟ್ ವರ್ಮಿಕ್ಯುಲೈಟ್‌ಗಿಂತ ಬಹಳ ಹೆಚ್ಚು ನೀರು ಹೀರಿ ಇಟ್ಟುಕೊಳ್ಳುತ್ತದೆ, ತೂಕದ ಲೆಕ್ಕ ಇದಕ್ಕೆ ಹೊಂದುವುದಿಲ್ಲ, ಮುಷ್ಟಿಯ ಪರೀಕ್ಷೆಯೇ ಗತಿ. ಬಕೆಟ್ಟನ್ನು ಬಿಸಿಲು ಬೀಳದ, ಇರುವೆ ಹತ್ತದ ಮೂಲೆಯಲ್ಲಿ, ಗಾಳಿಯಾಡುವಂತೆ ಮುಚ್ಚಿ ಇಡಬೇಕು.

ನಾಗರನ ಮೊಟ್ಟೆಗೆ ಎರಡು ತಿಂಗಳ ಆಸುಪಾಸು. ಕೊನೆಯ ವಾರ ತುಂಬಿಕೊಂಡಿದ್ದ ಮೊಟ್ಟೆಗಳು ಮತ್ತೆ ಕುಗ್ಗಿ ಗುಳಿ ಬೀಳುತ್ತವೆ. ಹೊಸಬರು ನೀರು ಸುರಿಯುವುದು ಆಗಲೇ, ಸುರಿಯಬಾರದ್ದೂ ಆಗಲೇ. ಮರಿ ಹಳದಿ ಮುಗಿಸಿ ಹೊರಡಲು ಸಿದ್ಧವಾಗುತ್ತಿದೆ, ಅದಕ್ಕೆ ಆ ಕುಗ್ಗು. ಒಂದು ಬೆಳಿಗ್ಗೆ ಚಿಪ್ಪಿನ ಮೇಲೆ ಬ್ಲೇಡಿನಿಂದ ಎಳೆದಂತೆ ಸಣ್ಣ ಗೀರು ಕಾಣುತ್ತದೆ. ಮರಿಯ ಮೂತಿಯ ತುದಿಯಲ್ಲಿ ಈ ಒಂದು ಕೆಲಸಕ್ಕೆಂದೇ ಮೂಡಿದ ಹಲ್ಲಿನ ಗೀರು ಅದು, ಕೆಲವೇ ದಿನದಲ್ಲಿ ಆ ಹಲ್ಲು ಉದುರಿಹೋಗುತ್ತದೆ. ಗೀರಿನಿಂದ ಲೋಳೆ ಒಸರುತ್ತದೆ, ಮೂಗು ಹೊರಗೆ ಬರುತ್ತದೆ, ಹೆಜ್ಜೆ ಸಪ್ಪಳವಾದರೆ ಒಳಗೆ ಎಳೆದುಕೊಳ್ಳುತ್ತದೆ. ಹೀಗೆ ಒಂದು ದಿನ, ಕೆಲವು ಸಲ ಎರಡು ದಿನ. ಒಳಗೆ ಉಳಿದ ಹಳದಿಯ ಕೊನೆಯ ಚೂರನ್ನು ಅದು ಹೊಟ್ಟೆಗೆ ಸೇರಿಸಿಕೊಳ್ಳುತ್ತಿರುತ್ತದೆ. ಎಳೆದು ತೆಗೆಯಬಾರದು, ಬಕೆಟ್ಟಿನ ಮುಚ್ಚಳ ತೆರೆದಿಡಲೂಬಾರದು. ಒಣಗಾಳಿ ತಾಗಿದರೆ ಲೋಳೆ ಗೋಂದಿನಂತೆ ಬಿಗಿದು ಮರಿ ಚಿಪ್ಪಿಗೇ ಅಂಟಿಕೊಳ್ಳುತ್ತದೆ. ಆ ಎರಡು ದಿನ ಹಾಸಿನ ಅಂಚು ಒದ್ದೆಯಾಗಿದೆಯೇ ಎಂದು ಬೆರಳಿಟ್ಟು ನೋಡಿ, ಮುಚ್ಚಿ, ದೂರ ಸರಿದರೆ ಆಯಿತು.